ಊರಿನ ಬೀಜಕ್ಕೆ ಮುಂಬೈಯಲ್ಲೊಂದು ಮೇಜು

ಮೇ ರಜೆ ಮುಗಿಸಿ ಊರಿಂದ ಬರುವಾಗ ಹಪ್ಪಳ, ಸಂಡಿಗೆ, ಕುಚ್ಚಲಕ್ಕಿ ತರುತ್ತೇವೆ ಅಲ್ವಾ? ಈ ಸಲ ಒಂದು ಹಿಡಿ ಬೀಜವೂ ಬರಲಿ. ಡೊಂಬಿವಲಿಯಲ್ಲೋ ಮುಲುಂಡಿನಲ್ಲೋ ನಿಮ್ಮ ಕನ್ನಡ ಸಂಘದ ಹಾಲ್‌ನಲ್ಲಿ ಜೂನ್ ಮೊದಲ ಭಾನುವಾರ ನಾಟಿ ಬೀಜಗಳ ಪ್ರದರ್ಶನ ಇಡಿ. ಮಳೆ ಶುರುವಾಗುವ ಹೊತ್ತು, ನೋಡಿದವರು ಮನೆಗೆ ಹೋಗಿ ಕೂಡಲೇ ಬಿತ್ತಬಹುದು. ಬಾಟ್ಲಿಯಲ್ಲೇ ಉಳಿದ ಬೀಜ ಕೆಲವೇ ವರ್ಷಗಳಲ್ಲಿ ಮೊಳೆಯುವ ಶಕ್ತಿ ಕಳೆದುಕೊಳ್ಳುತ್ತದೆ.

ಬೀಜ ತೆಗೆದುಕೊಳ್ಳುವಾಗ ಒಂದು ಮಾತು ಕೇಳಿ: "ದೊಡ್ಡಮ್ಮಾ, ಇದು ಪ್ಯಾಕೆಟ್ಟಿನದ್ದಾ, ಮನೆಯದ್ದಾ?" ಹೈಬ್ರಿಡ್ ಬೀಜದ ಮುಂದಿನ ಪೀಳಿಗೆ ತಾಯಿಯಂತೆ ಬರುವುದಿಲ್ಲ, ಅದು ಬೇಡ. ಕರಾವಳಿಯವರು ಬಸಳೆ, ಹರಿವೆ, ಅಲಸಂಡೆ, ಸೌತೆ ತರಲಿ. ಧಾರವಾಡ, ವಿಜಯಪುರದ ಕಡೆಯವರು ಬಿಳಿಜೋಳ, ನವಣೆ, ಸಾಮೆ, ಗುರೆಳ್ಳು ತರಲಿ.

ಇನ್ನು ಒಣಗಿಸುವುದು. ಮುಂಬೈಯ ತೇವದ ಗಾಳಿಯಲ್ಲಿ ಅರ್ಧ ಬೀಜ ಕೆಡುವುದು ಇಲ್ಲೇ. ಸೌತೆಕಾಯಿ ಚೆನ್ನಾಗಿ ಹಣ್ಣಾಗಲಿ. ತಿರುಳನ್ನು ಎರಡು ದಿನ ನೀರಿನಲ್ಲಿಟ್ಟು ಕಿವುಚಿ ತೊಳೆಯಿರಿ. ತೇಲುವ ಬೀಜ ಜೊಳ್ಳು, ಮುಳುಗಿದ್ದನ್ನು ಇಟ್ಟುಕೊಳ್ಳಿ. ಫ್ಯಾನ್ ಕೆಳಗೆ, ನೆರಳಿನಲ್ಲಿ, ಬಟ್ಟೆಯ ಮೇಲೆ ಹರಡಿ. ಅಲಸಂಡೆ ಕಾಳನ್ನು ಹಲ್ಲಿನಲ್ಲಿ ಕಚ್ಚಿ ನೋಡಿ: ಟಕ್ ಎಂದು ಒಡೆದರೆ ಒಣಗಿದೆ, ಹಲ್ಲಿನ ಗುರುತು ಬಿದ್ದರೆ ಇನ್ನೂ ಬೇಕು. ಆಮೇಲೆ ಬಿಗಿ ಮುಚ್ಚಳದ ಗಾಜಿನ ಭರಣಿಗೆ ಹಾಕಿ, ಹುರಿದು ಆರಿಸಿದ ಅಕ್ಕಿಯ ಪುಟ್ಟ ಗಂಟನ್ನು ಜತೆಗಿಡಿ. ಅದು ತೇವ ಹೀರಿಕೊಳ್ಳುತ್ತದೆ. ಬೀಜದ ತೇವಾಂಶ ಶೇ. 1ರಷ್ಟು ಇಳಿದರೆ ಬಾಳಿಕೆ ಸುಮಾರು ಎರಡು ಪಟ್ಟಾಗುತ್ತದೆ ಎಂಬ ಲೆಕ್ಕವಿದೆ. ಇಷ್ಟು ತಾಳ್ಮೆ ಖಂಡಿತ ಸಾರ್ಥಕ.

ಹಂಚುವ ಮೊದಲು 20 ಬೀಜ ಒದ್ದೆ ಬಟ್ಟೆಯಲ್ಲಿ ಸುತ್ತಿ ಒಂದು ವಾರ ಇಡಿ. 14ಕ್ಕಿಂತ ಕಡಿಮೆ ಮೊಳೆತರೆ ಆ ಬೀಜ ನೋಡುವುದಕ್ಕೆ ಮಾತ್ರ.

ಮೇಜಿನ ಮೇಲೆ ಸುಮ್ನೆ ಹೆಸರು ಬರೆದಿಟ್ಟರೆ ಸಾಲದು. ಯಾವ ಊರು, ಯಾರ ಮನೆ, ಯಾವ ವರ್ಷದ ಬೆಳೆ, ಯಾವ ತಿಂಗಳು ಬಿತ್ತಬೇಕು, ಯಾವ ಅಡುಗೆಗೆ ಚೆಂದ, ಎಲ್ಲ ಚೀಟಿಯಲ್ಲಿರಲಿ. ಭತ್ತವನ್ನು ತೆನೆ ಸಮೇತ ಇಡಿ. ಉಪ್ಪುನೀರು ನುಗ್ಗುವ ಕುಮಟಾದ ಗಜನಿ ಗದ್ದೆಯ ಕಗ್ಗ ಸಿಕ್ಕರೆ ಗೋವಾದ ಅಂಥದ್ದೇ ಖಾಜನ್ ಗದ್ದೆಯ ಕೊರ್ಗುಟ್ ಪಕ್ಕದಲ್ಲೇ ಜಾಗ ಕೊಡಿ. ಎರಡೂ ಉಪ್ಪುನೀರು ತಡೆಯುವ ಭತ್ತ. ಸಮುದ್ರ ಗದ್ದೆಗೆ ನುಗ್ಗುವ ಈ ಕಾಲದಲ್ಲಿ ಇಂಥ ತಳಿ ಕಳೆದುಕೊಂಡರೆ ನಮಗೇ ನಷ್ಟ. ಮಹಾರಾಷ್ಟ್ರದ ಅಕೋಲೆ ತಾಲ್ಲೂಕಿನ ರಾಹೀಬಾಯಿ ಪೋಪೆರೆ ಅವರ ಫೋಟೊ ಕೂಡ ಇಡಬೇಕು ಅನ್ನುತ್ತೇನೆ. ಮನೆಯಲ್ಲೇ ಬೀಜ ಬ್ಯಾಂಕ್ ಕಟ್ಟಿದ ಈ ರೈತ ಮಹಿಳೆಗೆ 2020ರ ಪದ್ಮಶ್ರೀ ಸಿಕ್ಕಿದೆ.

ಬೀಜ ಒಯ್ಯುವವರಿಗೆ ಎರಡು ಎಚ್ಚರಿಕೆ. ಒಂದು ಬಾಲ್ಕನಿಗೆ ಒಂದೇ ಸೌತೆ ತಳಿ ಸಾಕು, ಜೇನ್ನೊಣ ಪರಾಗ ಬೆರೆಸಿ ತಳಿ ಕೆಡುತ್ತದೆ. ಅಲಸಂಡೆಗೆ ಆ ಭಯ ಕಡಿಮೆ. ಉಡುಪಿಯ ಮಟ್ಟು ಊರಿನ ಬದನೆ ಮಟ್ಟುಗುಳ್ಳದ ಬೀಜ ಮಳೆಯ ಜೋರು ಇಳಿಯುವವರೆಗೆ ಕಾಯಲಿ. ಅದಕ್ಕೆ 2011ರಲ್ಲಿ ಜಿಐ (ಊರಿನ ಹೆಸರಿಗೆ ಕೊಡುವ ಭೌಗೋಳಿಕ ಗುರುತು) ಮಾನ್ಯತೆ ಸಿಕ್ಕಿರುವುದರಿಂದ ಇಲ್ಲಿ ಬೆಳೆದದ್ದನ್ನು ಆ ಹೆಸರಿನಲ್ಲಿ ಮಾರುವಂತಿಲ್ಲ, ಮನೆ ಸಾಂಬಾರಿಗೆ ಅಡ್ಡಿಯಿಲ್ಲ.

ಯಾರು ಏನು ಒಯ್ದರು ಎಂದು ಒಂದು ಪುಸ್ತಕದಲ್ಲಿ ಬರೆದಿಡಿ. ಮುಂದಿನ ವರ್ಷ ಎರಡರಷ್ಟು ಬೀಜ ಹಿಂದಿರುಗಿಸಬೇಕು. ಬೀಜ ಕೊಟ್ಟ ಮನೆಗೆ ಆಗ ಒಮ್ಮೆ ಫೋನ್ ಮಾಡಿ ಕೇಳಿ. ಅಲ್ಲಿ ಆ ತಳಿ ತಪ್ಪಿಹೋಗಿದ್ದರೆ ಮೊದಲ ಪಾಲು ಅವರಿಗೇ ಕಳಿಸಿ.