ಕನ್ನಡದ ‘ಬೇಕು’ ಮತ್ತು ನನ್ನ ಇಂಗ್ಲಿಷ್ ಕೈಪಿಡಿ

ಬದಿಯಡ್ಕದ ಸಮೀಪದ ಕನ್ನಡ ಮಾಧ್ಯಮ ಶಾಲೆಯಲ್ಲಿ ಕಲಿತು, ಎಲೆಕ್ಟ್ರಿಕಲ್ ಡಿಪ್ಲೊಮಾ ಮುಗಿಸಿ, ಅಡಿಕೆ ತೋಟಗಳ ತ್ರೀ ಫೇಸ್ ಪಂಪುಗಳನ್ನು ವರ್ಷಗಟ್ಟಲೆ ರಿಪೇರಿ ಮಾಡಿದ ನಾನು, ಅವುಗಳ ಸ್ಟಾರ್ಟರುಗಳ (ಮೋಟಾರನ್ನು ಚಾಲೂ ಮಾಡುವ, ನಿಲ್ಲಿಸುವ ಪೆಟ್ಟಿಗೆಗಳ) ಕುರಿತು ಇಂಗ್ಲಿಷಿನಲ್ಲಿ ಪುಸ್ತಕ ಬರೆಯಲು ಹೊರಟಾಗ ವ್ಯಾಕರಣಕ್ಕಷ್ಟೇ ಹೆದರಿದ್ದೆ. ಇಂಗ್ಲಿಷನ್ನು ಆರಿಸಿಕೊಳ್ಳಲು ಕಾರಣವಿತ್ತು: ಕಾಸರಗೋಡಿನ ವರ್ಕ್‌ಶಾಪುಗಳಲ್ಲಿ ಒಬ್ಬರ ಮನೆಮಾತು ತುಳು, ಮತ್ತೊಬ್ಬರದು ಮಲಯಾಳ, ಇನ್ನೊಬ್ಬರದು ಕೊಂಕಣಿ ಅಥವಾ ಮರಾಠಿ, ಕನ್ನಡ ಓದಲು ಬಾರದವರೂ ಹಲವರಿದ್ದಾರೆ. ಬರೆಯುವ ನನಗೂ ಓದುವ ಅವರಿಗೂ ಇಂಗ್ಲಿಷ್ ಮೂರನೆಯದೋ ನಾಲ್ಕನೆಯದೋ ಭಾಷೆ.

ಮೊದಲ ಅಧ್ಯಾಯವನ್ನು ಕುಂಬಳೆಯ ಒಬ್ಬ ಯುವ ಮೆಕ್ಯಾನಿಕ್‌ಗೆ ಕೊಟ್ಟು, ವಿದ್ಯುತ್ ಸಂಪರ್ಕವಿಲ್ಲದ ಹಳೆಯ ಸ್ಟಾರ್ಟರಿನ ಮೇಲೆ, ಓದಿದ ಕ್ರಮದಲ್ಲೇ ಕೆಲಸ ಮಾಡಲು ಹೇಳಿದೆ. ಅವನು ಮೇನ್ ಸ್ವಿಚ್ಚನ್ನು ಮುಟ್ಟದೆ ನೇರವಾಗಿ ಮುಚ್ಚಳದ ಸ್ಕ್ರೂಗಳಿಗೆ ಕೈಹಾಕಿದ. ತಪ್ಪು ಅವನದಲ್ಲ. ‘ಮೇನ್ ಆಫ್ ಮಾಡಿ, ಮುಚ್ಚಳ ತೆಗೆದು, ಮೂರೂ ಫೇಸುಗಳಲ್ಲಿ ಕರೆಂಟ್ ಇಲ್ಲವೆಂದು ಟೆಸ್ಟರ್ ಇಟ್ಟು ನೋಡಿ, ಕಾಂಟ್ಯಾಕ್ಟರನ್ನು ಬಿಚ್ಚಬೇಕು’ ಎಂಬುದು ಕನ್ನಡದಲ್ಲಿ ಸಲೀಸಾದ ವಾಕ್ಯ (ಕಾಂಟ್ಯಾಕ್ಟರ್ ಎಂದರೆ ತನ್ನ ಕಾಯಿಲ್‌ಗೆ, ಅಂದರೆ ತಂತಿಯ ಸುರುಳಿಗೆ, ಕರೆಂಟ್ ಬಂದಾಗ ಮೋಟಾರಿಗೆ ವಿದ್ಯುತ್ ಹರಿಸುವ ಸ್ವಿಚ್ಚು). ‘ಮಾಡಿ’, ‘ತೆಗೆದು’, ‘ನೋಡಿ’ ಎಂಬ ರೂಪಗಳು ಕೆಲಸಗಳನ್ನು ನಡೆಯಬೇಕಾದ ಕ್ರಮದಲ್ಲೇ ಪೋಣಿಸುತ್ತವೆ. ಅದನ್ನು ನಾನು ‘ಆಫ್ಟರ್’, ‘ಬಿಫೋರ್’, ‘ಹ್ಯಾವಿಂಗ್’ಗಳ ನೆರವಿನಿಂದ ಒಂದೇ ಇಂಗ್ಲಿಷ್ ವಾಕ್ಯಕ್ಕೆ ತುರುಕಿದಾಗ ಮೇನ್ ಸ್ವಿಚ್ಚು ಕೊನೆಗೆ ಸರಿದುಹೋಗಿತ್ತು. ಕರೆಂಟ್ ಇರುವ ಪೆಟ್ಟಿಗೆಯಾಗಿದ್ದರೆ ಏನಾಗುತ್ತಿತ್ತೆಂದು ಇಬ್ಬರಿಗೂ ಗೊತ್ತಿತ್ತು. ಅಂದೇ ಆ ವಾಕ್ಯವನ್ನು ಕ್ರಿಯಾಪದದಿಂದ ಆರಂಭವಾಗುವ ನಾಲ್ಕು ಪುಟ್ಟ ವಾಕ್ಯಗಳಾಗಿ ಒಡೆದೆ.

ಬಳಿಕ, ವಿಮಾನಗಳ ದುರಸ್ತಿ ಕೈಪಿಡಿಗಳಿಗಾಗಿ 1980ರ ದಶಕದಲ್ಲಿ ರೂಪುಗೊಂಡ ಸಿಂಪ್ಲಿಫೈಡ್ ಟೆಕ್ನಿಕಲ್ ಇಂಗ್ಲಿಷ್ ನಿಯಮಗಳನ್ನು ಓದಿದೆ. ಕೆಲಸದ ಸೂಚನೆಯಾದರೆ ಒಂದು ವಾಕ್ಯಕ್ಕೆ 20 ಪದ, ವಿವರಣೆಯಾದರೆ 25 ಪದ ಅಲ್ಲಿನ ಮಿತಿ. ಒಂದು ಪದಕ್ಕೆ ಒಂದೇ ಅರ್ಥ. ಕೊನೆಯದಕ್ಕೆ ಒಗ್ಗಿಕೊಳ್ಳುವುದು ನನಗೆ ಬಹಳ ಕಷ್ಟವಾಯಿತು. ಬಳಸಿದ ಪದವನ್ನೇ ಮತ್ತೆ ಬಳಸಬಾರದೆಂದು ನಮ್ಮ ಕನ್ನಡ ಪಂಡಿತರು ಪ್ರಬಂಧಗಳನ್ನು ತಿದ್ದುತ್ತಿದ್ದರು. ಆ ಅಭ್ಯಾಸದಿಂದಲೇ ಒಂದೇ ಪುಟದಲ್ಲಿ ‘ಸ್ಟಾರ್ಟ್’, ‘ಆಪರೇಟ್’, ‘ಎನರ್ಜೈಸ್’ ಎಂದು ಬದಲಿಸಿ ಬರೆದಿದ್ದೆ. ಕಾಯಿಲ್‌ಗೆ ಕರೆಂಟ್ ಬರುವುದು ಬೇರೆ, ಮೋಟಾರು ತಿರುಗುವುದು ಬೇರೆ ಎಂದು ಬಿಡಿಸಿ ತಿಳಿಯಬೇಕಾದವರಿಗೆ ಆ ಸೊಗಸು ತೊಡಕಾಯಿತು.

ಎಲ್ಲಕ್ಕಿಂತ ಹೆಚ್ಚು ತೊಂದರೆ ಕೊಟ್ಟದ್ದು ನಮ್ಮ ‘ಬೇಕು’. ಮನಸ್ಸಿನಲ್ಲಿ ‘ಬೇಕು’ ಬಂದಲ್ಲೆಲ್ಲ ನನ್ನ ಕೈ ‘ಶುಡ್’ ಎಂದು ಬರೆದಿತ್ತು. ಅರ್ತಿಂಗ್ ಕುರಿತ ಪುಟವನ್ನು ಓದಿದ ಅದೇ ಹುಡುಗ, “ಶುಡ್ ಅಂದರೆ ಮಾಡಿದರೆ ಒಳ್ಳೆಯದು ಅಂತ ಅಲ್ವಾ ಮಾಷ್ಟ್ರೇ?” ಎಂದು ಕೇಳಿದ. ಇಂಟರ್ನೆಟ್ ಮಾನಕಗಳ ಬರವಣಿಗೆಗಾಗಿ 1997ರಲ್ಲಿ ಬಂದ ಆರ್‌ಎಫ್‌ಸಿ 2119 ಎಂಬ ದಾಖಲೆ ಇದನ್ನು ಚೊಕ್ಕಟವಾಗಿ ಬಿಡಿಸಿದೆ: ‘ಮಸ್ಟ್’ ಎಂದರೆ ವಿನಾಯಿತಿಯಿಲ್ಲ, ‘ಶುಡ್’ ಎಂದರೆ ತಕ್ಕ ಕಾರಣವಿದ್ದು, ಪರಿಣಾಮವನ್ನು ತೂಗಿ ನೋಡಿದ ಮೇಲೆ ಬಿಡಬಹುದು, ‘ಮೇ’ ಎಂದರೆ ಐಚ್ಛಿಕ. ನನ್ನ ವಿಷಯ ಬೇರೆಯಾದರೂ ಈ ಅಳತೆಗೋಲನ್ನೇ ಹಿಡಿದು ಹಸ್ತಪ್ರತಿಯ ಪ್ರತಿಯೊಂದು ‘ಶುಡ್’ ಅನ್ನೂ ಹುಡುಕಿ ತಿದ್ದಿದೆ. ಅರ್ತಿಂಗ್ ‘ಮಸ್ಟ್’ ಆಯಿತು. ವೈರುಗಳಿಗೆ ಗುರುತಿನ ಚೀಟಿ ಅಂಟಿಸುವುದು ‘ಶುಡ್’ ಆಗಿಯೇ ಉಳಿಯಿತು.

‘ಎ’, ‘ದಿ’ಗಳಿಗೆ ಕನ್ನಡದ್ದೇ ಒಂದು ಕುರುಹು ಸಿಕ್ಕಿತು. ‘ಸ್ಕ್ರೂ ತೆಗೆ’ ಎನ್ನುವುದಕ್ಕೂ ‘ಸ್ಕ್ರೂವನ್ನು ತೆಗೆ’ ಎನ್ನುವುದಕ್ಕೂ ಇರುವ ವ್ಯತ್ಯಾಸವನ್ನು (ಎರಡನೆಯದು ಸಾಮಾನ್ಯವಾಗಿ ಗೊತ್ತಿರುವ ಸ್ಕ್ರೂ) ಗಮನಿಸಿ, ಮನಸ್ಸು ‘ಅನ್ನು’ ಹಚ್ಚಿದಲ್ಲಿ ಬಹುಮಟ್ಟಿಗೆ ‘ದಿ’ ಹಾಕಿದೆ.

ಕನ್ನಡದ ಪದಕ್ರಮವನ್ನು ನಾನು ಬಿಟ್ಟುಕೊಡದ ಸ್ಥಳವೂ ಒಂದಿದೆ. ‘ದೀಪ ಉರಿಯದಿದ್ದರೆ ಫ್ಯೂಸ್ ಪರೀಕ್ಷಿಸಿ’ ಎಂದು ನಾವು ಷರತ್ತನ್ನು ಮೊದಲು ಹೇಳುತ್ತೇವೆ. ಕರಡನ್ನು ತಿದ್ದಿದವರು ‘ಇಫ್’ ಅನ್ನು ಹಲವೆಡೆ ವಾಕ್ಯದ ಕೊನೆಗೆ ಒಯ್ದಿದ್ದರು. ಷರತ್ತನ್ನು ತಿಳಿಯುವ ಮೊದಲೇ ಓದುಗರ ಕೈ ಫ್ಯೂಸಿನ ಮೇಲಿರುತ್ತದೆಂದು ಕಾರಣ ಬರೆದು, ಎಲ್ಲವನ್ನೂ ಮೊದಲಿಗೇ ತಂದಿರಿಸಿದೆ.