ಮೆರೆನ್ ಕಮಾಂಡರ್ ಡೆಕ್: 32 ಲ್ಯಾಂಡ್ ಸಾಲದೇ ಹೋದಾಗ

ಮ್ಯಾಜಿಕ್: ದ ಗ್ಯಾದರಿಂಗ್ ಎಂಬ ಕಾರ್ಡಾಟದ ಕಮಾಂಡರ್ ಬಗೆ, ಮೆರೆನ್ ಎಂಬ ಕಾರ್ಡು ಕಮಾಂಡರ್ (ಡೆಕ್‌ನ ನಾಯಕಿ) ಆಗಿರುವ ಕಪ್ಪು-ಹಸಿರು ಡೆಕ್. ತೊಂದರೆ ಒಂದೇ: ನಾಲ್ಕನೇ ಸರದಿಗೂ ಕೈತುಂಬ ದುಬಾರಿ ಕಾರ್ಡು, ಮೇಜಿನ ಮೇಲೆ ಮಾನಾ (ಕಾರ್ಡು ಆಡಲು ತೆರುವ ಶಕ್ತಿ) ಕೊಡುವ ಲ್ಯಾಂಡು ಮೂರೇ. ಕಲೆಸಿದ್ದು ಸರಿಯಿಲ್ಲ ಎಂದು ದೂರುವ ಮೊದಲು ಲೆಕ್ಕ ನೋಡಬೇಕು. ಕಮಾಂಡರ್ ಬಿಟ್ಟರೆ 99 ಕಾರ್ಡು, ಅದರಲ್ಲಿ ಲ್ಯಾಂಡ್ 32. ನಾಲ್ಕನೇ ಸರದಿಯ ಹೊತ್ತಿಗೆ ಕೈಗೆ ಬರುವುದು 11 ಕಾರ್ಡು, ಅಂದರೆ ಸರಾಸರಿ 3.6 ಲ್ಯಾಂಡ್. 37 ಇಟ್ಟರೆ 4.1. ಮೆರೆನ್‌ಗೆ ಬೇಕಾದದ್ದೇ ನಾಲ್ಕು ಮಾನಾ.

ಐದು ಲ್ಯಾಂಡ್‌ಗೆ ಜಾಗ ಮಾಡಲು ತೆಗೆದದ್ದು ಏಳೆಂಟು ಮಾನಾದ ಐದು ದೈತ್ಯರನ್ನು. ಮನಸ್ಸು ಒಪ್ಪುವುದಿಲ್ಲ, ಆದರೂ ತೆಗೆಯಬೇಕು. ಮಾನಾ ಹೆಚ್ಚಿಸುವ ಕಾರ್ಡು 10 ಇರಲಿ, ಆರಾದರೂ ಎರಡು ಮಾನಾದ್ದಾಗಿರಲಿ. ಮೂರು ಮಾನಾದ್ದಾದರೆ ಮೂರನೇ ಸರದಿಗೆ ಮೆರೆನ್ ಬರುವುದಿಲ್ಲ.

ಇಲ್ಲಿ ಎರಡು ಮಾನಾದ ಜೀವಿ ಕಾರ್ಡು ಸಕುರಾ-ಟ್ರೈಬ್ ಎಲ್ಡರ್‌ಗೆ ಸಾಟಿಯಿಲ್ಲ. ಎದುರಾಳಿಯ ದಾಳಿಗೆ ಅಡ್ಡ ನಿಲ್ಲಿಸಿ, ಪೆಟ್ಟು ಬೀಳುವ ಮುಂಚೆ ಬಲಿಕೊಡಿ: ದಾಳಿಗಾರನಿಗೆ ಟ್ರ್ಯಾಂಪಲ್ (ಅಡ್ಡ ನಿಂತವರನ್ನು ಮೀರಿ ಏಟು ಹಾಯಿಸುವ ಗುಣ) ಇಲ್ಲದಿದ್ದರೆ ನಿಮಗೆ ಏಟಿಲ್ಲ, ಡೆಕ್‌ನಿಂದ ಬೇಸಿಕ್ (ಸಾದಾ) ಲ್ಯಾಂಡ್ ಬಂತು, ಮೆರೆನ್ ಮೇಜಿನಲ್ಲಿದ್ದರೆ ಒಂದು ಎಕ್ಸ್‌ಪೀರಿಯೆನ್ಸ್ ಕೌಂಟರೂ (ನಿಮ್ಮ ಬೇರೆ ಜೀವಿ ಸತ್ತಾಗ ಮೆರೆನ್‌ನಿಂದ ಸಿಗುವ ಅಂಕ) ಬಂತು. ಎರಡು ಕೌಂಟರ್ ಆದಮೇಲೆ ನಿಮ್ಮ ಸರದಿಯ ಕೊನೆಗೆ ಮೆರೆನ್‌ನ ಶಕ್ತಿಯಿಂದ ಎಲ್ಡರ್ ಗ್ರೇವ್‌ಯಾರ್ಡ್‌ನಿಂದ (ಸತ್ತ ಕಾರ್ಡುಗಳ ರಾಶಿ) ನೇರ ಮೇಜಿಗೇ ವಾಪಸ್.

ಟ್ಯಾಪ್ ಆಗಿಯೇ ಇಳಿಯುವ (ಇಳಿದ ಸರದಿಯಲ್ಲಿ ಮಾನಾ ಕೊಡದ) ಲ್ಯಾಂಡ್ ನಾಲ್ಕಕ್ಕಿಂತ ಹೆಚ್ಚು ಬೇಡ.