ಗಂಜಿ ಆರಿದ ಮೇಲೆ ಕಿಣ್ವ: ರೋಹು ಸಾಕಣೆಯಲ್ಲಿ ನನ್ನ ಅನುಭವ

ಹಾನಗಲ್ ತಾಲ್ಲೂಕಿನ ನಮ್ಮ ಹೊಲದಲ್ಲಿ ಹತ್ತು ಹತ್ತು ಗುಂಟೆಯ ಎರಡು ಹೊಂಡಗಳಿವೆ. ಎರಡರಲ್ಲೂ ರೋಹು ಮೀನು ಸಾಕುತ್ತೇನೆ. ಆಹಾರವನ್ನು ಮನೆಯಲ್ಲೇ ಮಾಡುತ್ತೇವೆ: ಶೇಂಗಾ ಹಿಂಡಿ, ಅಕ್ಕಿ ತೌಡು, ಗೋವಿನಜೋಳದ ಹಿಟ್ಟು, ಸ್ವಲ್ಪ ಒಣಮೀನಿನ ಪುಡಿ. ಹಿಟ್ಟಿನ ಗಂಜಿ ಕಾಸಿ, ಉಳಿದದ್ದನ್ನು ಅದರಲ್ಲಿ ನಾದಿ, ಶ್ಯಾವಿಗೆ ಯಂತ್ರದಲ್ಲಿ ಒತ್ತಿ ಒಣಗಿಸುತ್ತೇವೆ.

ಮೀನುಗಳು ತಿನ್ನುತ್ತಿದ್ದವು, ಆದರೆ ತೂಕ ಹಿಡಿಯುತ್ತಿರಲಿಲ್ಲ. ಒಂದು ದಿನ ಬೀಸುಬಲೆಗೆ ಬಿದ್ದ ರೋಹು ಒಂದನ್ನು ಏರಿಯ ಕಲ್ಲಿನ ಮೇಲಿಟ್ಟು ಸೀಳಿದೆ. ರೋಹುವಿನ ಕರುಳು ಮೈಯುದ್ದದ ಹಲವು ಪಟ್ಟು ಇರುತ್ತದೆ, ಸುರುಳಿ ಬಿಚ್ಚಿದಷ್ಟೂ ಬಂದೇ ಬರುತ್ತದೆ. ಅದರ ಕೊನೆಯವರೆಗೂ ಹಳದಿ ಲೋಳೆ, ಲೋಳೆಯ ನಡುವೆ ತೌಡಿನ ಸಿಪ್ಪೆ ಹಾಕಿದ ಹಾಗೆಯೇ ಇತ್ತು. ನಾನು ಕೊಟ್ಟ ಹಿಂಡಿಯ ದುಡ್ಡು ನೀರಿಗೆ ಹೋಗುತ್ತಿರುವುದು ಕಣ್ಣಿಗೆ ಕಂಡಿತು.

ಕಾರಣ ಹುಡುಕಿದಾಗ ತಿಳಿದದ್ದು ಇಷ್ಟು. ಕಾಳು, ತೌಡು, ಹಿಂಡಿಗಳಲ್ಲಿರುವ ರಂಜಕದ ಸುಮಾರು ಮೂರರಲ್ಲಿ ಎರಡು ಪಾಲು ಫೈಟೇಟ್ ಎಂಬ ಸಂಯುಕ್ತದಲ್ಲಿ ಕಟ್ಟಿಬಿದ್ದಿರುತ್ತದೆ. ಸತು, ಸುಣ್ಣದ ಅಂಶ, ಪ್ರೋಟೀನುಗಳನ್ನೂ ಅದು ಹಿಡಿದಿಟ್ಟುಕೊಳ್ಳುತ್ತದೆ. ಅದನ್ನು ಬಿಡಿಸುವ ಫೈಟೇಸ್ ಎಂಬ ಕಿಣ್ವ, ಅಂದರೆ ಆಹಾರವನ್ನು ಒಡೆದು ಅರಗಿಸುವ ವಸ್ತು, ಮೀನಿನ ಕರುಳಿನಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ಸಿಪ್ಪೆಯ ನಾರನ್ನು ಒಡೆಯಲು ಸೆಲ್ಯುಲೇಸ್, ಝೈಲನೇಸ್ ಎಂಬ ಕಿಣ್ವಗಳು ಬೇಕು. ಈ ಮೂರೂ ಇರುವ ಕಿಣ್ವದ ಪುಡಿಯನ್ನು ತಂದೆ.

ಮೊದಲ ಸಲ ಪೂರ್ತಿ ಹಾಳು ಮಾಡಿದೆ. ಚೆನ್ನಾಗಿ ಬೆರೆಯಲಿ ಎಂದು ಕುದಿಯುವ ಗಂಜಿಗೇ ಪುಡಿ ಸುರಿದಿದ್ದೆ. ಕಿಣ್ವವೂ ಒಂದು ಪ್ರೋಟೀನ್, ಆ ಬಿಸಿಗೆ ಕೆಲಸ ಕಳೆದುಕೊಳ್ಳುತ್ತದೆ. ಎರಡು ತಿಂಗಳು ಕಳೆದರೂ ಯಾವ ವ್ಯತ್ಯಾಸವೂ ಕಾಣಲಿಲ್ಲ. ತಪ್ಪು ಪುಡಿಯದಲ್ಲ, ನನ್ನದು.

ಇನ್ನೊಂದು ತೊಡಕೂ ಇತ್ತು. ರೋಹುವಿಗೆ ಜಠರವೇ ಇಲ್ಲ, ಆದ್ದರಿಂದ ಹುಳಿ ಸ್ರಾವವೂ ಇಲ್ಲ. ಮಾರುಕಟ್ಟೆಯ ಬಹಳಷ್ಟು ಫೈಟೇಸ್ ಕೋಳಿ, ಹಂದಿಗಳಿಗಾಗಿ ಮಾಡಿದ್ದು, ಹುಳಿಯಲ್ಲೇ ಚುರುಕಾಗಿರುವಂಥದ್ದು. ಮುಂಬೈನ ಕೇಂದ್ರೀಯ ಮೀನುಗಾರಿಕೆ ಶಿಕ್ಷಣ ಸಂಸ್ಥೆಯ ಸಂಶೋಧಕರು ರೋಹು ಮರಿಗಳಿಗೆ ಫೈಟೇಸ್ ಜೊತೆ ಶೇ. 3ರಷ್ಟು ಸಿಟ್ರಿಕ್ ಆಮ್ಲ ಕೊಟ್ಟು ಪ್ರಯೋಗ ಮಾಡಿದ್ದಾರೆ. ಸಿಟ್ರಿಕ್ ಆಮ್ಲವೆಂದರೆ ಅಡುಗೆಮನೆಯ ನಿಂಬೆಉಪ್ಪು. ಇದನ್ನು ಓದಿದಾಗ ಆದ ಸಂತೋಷ ಇನ್ನೂ ನೆನಪಿದೆ.

ಮರುವರ್ಷ ಹೊಂಡಕ್ಕೆ 500ರಂತೆ, ಸುಮಾರು 60 ಗ್ರಾಂ ತೂಗುವ ಮರಿಗಳನ್ನು ಬಿಟ್ಟೆ. ಕೆಳಗಿನ ಹೊಂಡಕ್ಕೆ ಹಳೆಯ ಆಹಾರ. ಮೇಲಿನ ಹೊಂಡದ ಆಹಾರಕ್ಕೆ ಕಿಲೋಗೆ 30 ಗ್ರಾಂ ನಿಂಬೆಉಪ್ಪನ್ನು ನಾದುವಾಗಲೇ ಸೇರಿಸಿದೆ. ಎಳೆಗಳು ಒಣಗಿ ಪೂರ್ತಿ ಆರಿದ ಮೇಲೆ, ಚೀಟಿಯಲ್ಲಿದ್ದ ಅಳತೆಯಂತೆ ಕಿಣ್ವವನ್ನು ತಣ್ಣೀರಿನಲ್ಲಿ ಕದಡಿ ಸಿಂಪಡಿಸಿದೆ. ಮೇಲೆ ಒಂದಿಷ್ಟು ಶೇಂಗಾ ಎಣ್ಣೆ ಸವರಿ ನೆರಳಲ್ಲಿ ಹರವಿದೆ. ಎಣ್ಣೆ ಸವರದಿದ್ದರೆ ಮೀನು ಬಾಯಿ ಹಾಕುವ ಮೊದಲೇ ಕಿಣ್ವ ನೀರಿನಲ್ಲಿ ತೊಳೆದುಹೋಗುತ್ತದೆ.

ನೂರು ದಿನಗಳ ನಂತರ ಕೆಳಗಿನ ಹೊಂಡದ ಸರಾಸರಿ 180 ಗ್ರಾಂ, ಮೇಲಿನದು 210. ಒಂದು ಕಿಲೋ ಮೀನು ಬೆಳೆಯಲು ಕೆಳಗೆ 2.4 ಕಿಲೋ ಆಹಾರ ಖರ್ಚಾಗಿತ್ತು, ಮೇಲೆ 2 ಕಿಲೋ. ಇದು ಎರಡೇ ಹೊಂಡಗಳ ಲೆಕ್ಕ. ನೀರು, ಬಿಸಿಲು, ಮರಿಗಳ ಗುಣ ಎಲ್ಲವೂ ಇದರಲ್ಲಿ ಸೇರಿವೆ. ತೂಕ ದುಪ್ಪಟ್ಟಾಗುತ್ತದೆ ಎಂದು ಮಾರುವವರ ಮಾತನ್ನು ನಾನಂತೂ ನಂಬುವುದಿಲ್ಲ.

ನನಗೆ ತೂಕಕ್ಕಿಂತ ದೊಡ್ಡದಾಗಿ ಕಂಡದ್ದು ಕರುಳು. ಎರಡೂ ಹೊಂಡಗಳಿಂದ ಐದೈದು ಮೀನು ತೆಗೆದು ಅದೇ ಕಲ್ಲಿನ ಮೇಲೆ ಸೀಳಿದೆ. ಮೇಲಿನ ಹೊಂಡದವುಗಳಲ್ಲಿ ಕರುಳಿನ ಗೋಡೆ ಬಿಗಿಯಾಗಿ, ನಸುಗೆಂಪಾಗಿತ್ತು. ಒಳಗಿನದು ನುಣ್ಣಗೆ ಅರೆದಂತೆ ಕಪ್ಪಗಿತ್ತು, ಸಿಪ್ಪೆ ವಿರಳ. ನೀರಿನ ಮೇಲೆ ತೇಲುತ್ತಿದ್ದ ಬಿಳಿ ದಾರದಂಥ ಹಿಕ್ಕೆಯೂ ಕಡಿಮೆಯಾಗಿತ್ತು. ರಂಜಕ ಮೈಗೆ ಹತ್ತಿದರೆ ಹಿಕ್ಕೆಯಲ್ಲಿ ಹೊರಬೀಳುವುದು ಕಡಿಮೆ, ನೀರು ಪಾಚಿಗಟ್ಟುವುದೂ ಕಡಿಮೆ. ಮೋಡದ ಬೆಳಗುಗಳಲ್ಲಿ ಕೆಳಗಿನ ಹೊಂಡದ ಮೀನುಗಳು ಬಾಯಿ ಮೇಲೆತ್ತಿ ಉಸಿರಿಗಾಗಿ ಒದ್ದಾಡುತ್ತಿದ್ದರೆ, ಮೇಲಿನವು ತಳದಲ್ಲೇ ಇರುತ್ತಿದ್ದವು.

ಕಂಪನಿಯ ತೇಲುವ ಆಹಾರ ಕೊಡುವವರು ಮೊದಲು ಚೀಲದ ಮೇಲಿನ ಚೀಟಿ ಓದಲಿ, ಕಿಣ್ವ ಅದರಲ್ಲೇ ಇರಬಹುದು. ಈ ವರ್ಷ ನಾನು ಎರಡೂ ಹೊಂಡಗಳಿಗೆ ಕಿಣ್ವದ ಆಹಾರವನ್ನೇ ಕೊಡುತ್ತಿದ್ದೇನೆ. ಪುಡಿಯ ಡಬ್ಬಿ ಈಗ ಒಲೆಯಿಂದ ದೂರ, ನೀರಿನ ಹರವಿಯ ಪಕ್ಕದ ತಂಪಿನಲ್ಲಿದೆ.